ಫೈನಲ್ ಫ್ಯಾಂಟಸಿ 3: ರಿಮೇಕ್ ಬಂತು, ಮೂಲ ಎಲ್ಲಿ ಹೋಯ್ತು?

ದುಡ್ಡು ಕೊಟ್ಟು ಕೊಂಡ ಆಟವನ್ನು ಕಂಪನಿ ತನಗೆ ಬೇಕಾದಾಗ ಕಿತ್ತುಕೊಳ್ಳಬಹುದಾ? ಈ ಪ್ರಶ್ನೆ ಈಗ ಗೇಮರ್‌ಗಳ ಹರಟೆಯಾಗಿ ಉಳಿದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಯೂಬಿಸಾಫ್ಟ್ ತನ್ನ 'ದಿ ಕ್ರೂ' ಎಂಬ ಕಾರ್ ರೇಸಿಂಗ್ ಆಟದ ಸರ್ವರ್‌ಗಳನ್ನು ಬಂದ್ ಮಾಡಿತು. ಆಟ ಕೊಂಡವರ ಕೈಯಲ್ಲಿ ಉಳಿದದ್ದು ಯಾವ ಕೆಲಸಕ್ಕೂ ಬಾರದ ಡಿಸ್ಕ್. ಆ ಸಿಟ್ಟಿನಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಅರ್ಜಿಗೆ 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅತ್ತ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಹೊಸ ಕಾನೂನು ಜಾರಿಯಲ್ಲಿದೆ. ಬರೀ ಲೈಸೆನ್ಸ್ ಕೊಡುತ್ತಾ 'ಖರೀದಿಸಿ' ಅಂತ ಬಟನ್ ಹಾಕುವ ಡಿಜಿಟಲ್ ಅಂಗಡಿಗಳು ಆ ಸತ್ಯವನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕು.

ಒಳ್ಳೇದೇ. ಆದರೆ ಸರ್ವರ್ ಮುಚ್ಚಿದಾಗ ಎಲ್ಲರಿಗೂ ಗೊತ್ತಾಗುತ್ತೆ, ಗಲಾಟೆ ಆಗುತ್ತೆ. ಗಲಾಟೆಯೇ ಇಲ್ಲದೆ ಹಳೆಯದನ್ನು ಮರೆಗೆ ಸರಿಸುವ ಇನ್ನೊಂದು ದಾರಿಯೂ ಇದೆ. ಅದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಕ್ಯೂ ನಿಂತು ಕೊಂಡುಕೊಳ್ಳುತ್ತೇವೆ. ಅದರ ಹೆಸರು ರಿಮೇಕ್.

ರಿಮೇಕ್ ಅನ್ನೋ ಪದ ಕನ್ನಡದವರಿಗೆ ಹೊಸದಲ್ಲ. ಗಾಂಧಿನಗರದಲ್ಲಿ ಅದರ ಬಗ್ಗೆ ದಶಕಗಳಿಂದ ಜಗಳ ನಡೆದಿದೆ. ಆದರೆ ಸಿನಿಮಾ ರಿಮೇಕ್‌ನಲ್ಲಿ ಒಂದು ಸಮಾಧಾನ ಇರುತ್ತೆ: ಮೂಲ ತಮಿಳಿನಲ್ಲೋ ಮಲಯಾಳಂನಲ್ಲೋ ಸಾಮಾನ್ಯವಾಗಿ ನೋಡಲು ಸಿಗುತ್ತೆ. ಎರಡನ್ನೂ ನೋಡಿ 'ಅದೇ ಚೆನ್ನಾಗಿತ್ತು' ಅಂತ ಬೈಯುವ ಸ್ವಾತಂತ್ರ್ಯ ನಮಗಿದೆ. ವಿಡಿಯೋ ಗೇಮ್ ಲೋಕದಲ್ಲಿ ಎಷ್ಟೋ ಸಲ ಆ ಸ್ವಾತಂತ್ರ್ಯವೇ ಇರಲ್ಲ. ಅದು ಹೇಗೆ ಅಂತ ನೋಡಲು 'ಫೈನಲ್ ಫ್ಯಾಂಟಸಿ 3' ಎಂಬ ಜಪಾನಿ ಆಟಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ವೀಸಾ ಮುಗಿದವನ ಹಿಂದೆ ಹೋದ ತಂಡ

1990ರ ಏಪ್ರಿಲ್ 27ರಂದು ಜಪಾನಿನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಈ ಆಟ ಬಂತು. ಹಿರೊನೊಬು ಸಕಾಗುಚಿ ನಿರ್ದೇಶನ, ನೊಬುಒ ಉಎಮಾತ್ಸು ಸಂಗೀತ. ಇಡೀ ಆಟ ಕೂತಿದ್ದು 512 ಕಿಲೋಬೈಟ್‌ನ ಒಂದು ಕಾರ್ಟ್ರಿಜ್‌ನಲ್ಲಿ. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ಭಾರ ಇರುತ್ತೆ.

ಆಡದವರಿಗಾಗಿ ಎರಡು ಮಾತು. ಇದು ಸರದಿ ಪ್ರಕಾರ ಆಡುವ ಆಟ. ಯುದ್ಧ ಬಂದಾಗ ನಿಮ್ಮ ನಾಲ್ವರಿಗೂ ಒಬ್ಬೊಬ್ಬರಾಗಿ ಆಜ್ಞೆ ಕೊಡುತ್ತೀರಿ: ಇವನು ಕತ್ತಿ ಬೀಸಲಿ, ಇವನು ಗಾಯಕ್ಕೆ ಮದ್ದು ಹಾಕಲಿ, ಇವನು ಮಂತ್ರ ಹಾಕಲಿ. ಆಮೇಲೆ ಆ ಸುತ್ತು ನಡೆಯುತ್ತೆ. ಚೌಕಾಬಾರದ ಹಾಗೆ, ನೀವು ಕಾಯಿ ನಡೆಸುವ ತನಕ ಆಟ ಕಾಯುತ್ತೆ. ಬೆರಳಿನ ಚುರುಕಿಗಿಂತ ಲೆಕ್ಕಾಚಾರಕ್ಕೆ ಬೆಲೆ. ಜೊತೆಗೆ 'ಜಾಬ್' ಅನ್ನೋ ವ್ಯವಸ್ಥೆ: ಒಬ್ಬನೇ ಹುಡುಗ ಇವತ್ತು ಯೋಧ, ನಾಳೆ ಕಳ್ಳ, ನಾಡಿದ್ದು ಮಂತ್ರವಾದಿ ಆಗಬಹುದು. ಹುಟ್ಟಿನಿಂದ ಯಾರಿಗೂ ಯಾವ ಕಸುಬೂ ಅಂಟಿಕೊಂಡಿಲ್ಲ. ನಮ್ಮ ನೆಲದಲ್ಲಿ ಕೂತು ಆಡುವಾಗ ಇದು ಸಣ್ಣ ವಿಷಯ ಅನಿಸಲ್ಲ.

ಈ ಆಟದ ಕೋಡ್ ಬರೆದವರು ನಾಸಿರ್ ಗೆಬೆಲ್ಲಿ. ಇರಾನ್ ಮೂಲದ ಅಮೆರಿಕನ್ ಪ್ರೋಗ್ರಾಮರ್. ಸರಣಿಯ ಮೊದಲ ಮೂರು ಆಟಗಳ ಎಂಜಿನ್ ಅವರ ಕೈಯದ್ದು. ಜಪಾನಿನಲ್ಲಿ ಅವರ ಕೆಲಸದ ವೀಸಾ ಮುಗಿದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ವಾಪಸ್ ಹೋಗಬೇಕಾಯಿತು. ಕಂಪನಿ ಏನು ಮಾಡಿತು ಗೊತ್ತಾ? ತಂಡವೇ ಯಂತ್ರ, ಸಾಮಾನು ಕಟ್ಟಿಕೊಂಡು ಅವರಿದ್ದ ಊರಿಗೆ ಹೋಗಿ ಕೆಲಸ ಮುಗಿಸಿತು. ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗ ತಲೆ ಮೇಲೆ ಕೈ ಹೊತ್ತು ಕೂತ ಬೆಂಗಳೂರಿನ ಎಂಜಿನಿಯರ್‌ಗಳಿಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು.

ಇಷ್ಟೆಲ್ಲ ಮಾಡಿ ಮುಗಿಸಿದ ಆಟ ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. 1991ರಲ್ಲಿ ಸರಣಿಯ ನಾಲ್ಕನೇ ಆಟವನ್ನು ಅಮೆರಿಕದಲ್ಲಿ 'ಫೈನಲ್ ಫ್ಯಾಂಟಸಿ 2' ಅಂತ ಮಾರಿದರು. 1994ರಲ್ಲಿ ಆರನೇ ಆಟವನ್ನು 'ಫೈನಲ್ ಫ್ಯಾಂಟಸಿ 3' ಅಂತ ಮಾರಿದರು. ಅಂದರೆ ನಿಜವಾದ ಮೂರನೆಯದರ ಹೆಸರಿನ ಕುರ್ಚಿಯಲ್ಲಿ ಬೇರೆ ಆಟ ಕೂತಿತ್ತು. 1990ರ ದಶಕದ ಕೊನೆಗೆ ಅಭಿಮಾನಿಗಳೇ ಮೂಲ ಆಟವನ್ನು ಇಂಗ್ಲಿಷಿಗೆ ಅನುವಾದಿಸಿ ಇಂಟರ್‌ನೆಟ್‌ನಲ್ಲಿ ಹಂಚಿದರು. ಕಾನೂನಿನ ಕಣ್ಣಲ್ಲಿ ಅದು ತಪ್ಪು. ಆದರೆ ಜಪಾನಿ ಬಾರದ ಲೋಕಕ್ಕೆ ಈ ಆಟವನ್ನು ಮೊದಲು ಓದಿಸಿದ್ದು ಆ 'ತಪ್ಪಿತಸ್ಥ'ರೇ.

ಅಂಗೈ ಮೇಲೆ ಬಂದ ರಿಮೇಕ್

ಕಂಪನಿ ಎಚ್ಚೆತ್ತದ್ದು 16 ವರ್ಷಗಳ ನಂತರ. 2006ರ ಆಗಸ್ಟ್ 24ರಂದು ನಿಂಟೆಂಡೊ ಡಿಎಸ್ ಎಂಬ ಎರಡು ಪರದೆಯ ಪುಟ್ಟ ಯಂತ್ರಕ್ಕೆ ಸ್ಕ್ವೇರ್ ಎನಿಕ್ಸ್ ಈ ಆಟದ ರಿಮೇಕ್ ತಂತು. ಕಟ್ಟುವ ಕೆಲಸದಲ್ಲಿ ಜೊತೆಯಾದದ್ದು ಮ್ಯಾಟ್ರಿಕ್ಸ್ ಸಾಫ್ಟ್‌ವೇರ್. ನವೆಂಬರ್‌ನಲ್ಲಿ ಅಮೆರಿಕಕ್ಕೆ, ಮರುವರ್ಷ ಯುರೋಪಿಗೆ ಹೋಯಿತು. ಮೊದಲ ಸಲ ಅಧಿಕೃತ ಇಂಗ್ಲಿಷ್‌ನಲ್ಲಿ.

ಸರದಿ ಆಟಕ್ಕೆ ಕೈಯಲ್ಲಿ ಹಿಡಿಯುವ ಯಂತ್ರ ಹೇಳಿ ಮಾಡಿಸಿದ ಜೋಡಿ. ಬಸ್ ಬಂತಾ, ಮುಚ್ಚಿಡಿ. ಸೀಟು ಸಿಕ್ಕಿತಾ, ತೆಗೆಯಿರಿ. ಶತ್ರು ಅಲ್ಲೇ ನಿಂತು ಕಾಯುತ್ತಿರುತ್ತಾನೆ. ರಿಮೇಕ್ ಕೆಟ್ಟದಾಗಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಅದು ಮಾಡಿದ ಕೆಲವು ಬದಲಾವಣೆ ನನಗೆ ಇಷ್ಟ. ಮೂಲದಲ್ಲಿದ್ದವರು ಹೆಸರೇ ಇಲ್ಲದ ನಾಲ್ವರು ಅನಾಥ ಹುಡುಗರು. ಹೆಸರು ಇಡುವವರು ಆಡುವವರೇ. ರಿಮೇಕ್‌ನಲ್ಲಿ ಅವರಿಗೆ ಲುನೆತ್, ಆರ್ಕ್, ರೆಫಿಯಾ, ಇಂಗಸ್ ಎಂಬ ಹೆಸರು ಬಂತು, ಬೇರೆ ಬೇರೆ ಹಿನ್ನೆಲೆ ಬಂತು. ರೆಫಿಯಾ ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗಿ. ನಾಲ್ಕೂ ಗಂಡುಮಕ್ಕಳಿದ್ದ ಕತೆಗೆ ಒಬ್ಬ ಹುಡುಗಿ ಬಂದದ್ದು ಒಳ್ಳೆಯದಾಯಿತು.

ಆದರೆ ಹೋದದ್ದೂ ಇದೆ. ಆಟ ಚಪ್ಪಟೆ ಚಿತ್ರದಿಂದ ಮೂರು ಆಯಾಮಕ್ಕೆ ಬಂದಾಗ ಒಂದು ಯುದ್ಧದಲ್ಲಿ ಎದುರಾಗುವ ಶತ್ರುಗಳ ಸಂಖ್ಯೆ ಹೆಚ್ಚೆಂದರೆ ಮೂರಕ್ಕೆ ಇಳಿಯಿತು. ದೊಡ್ಡ ಗುಂಪಿನ ಎದುರು ಯಾರಿಗೆ ಮೊದಲು ಹೊಡೀಬೇಕು ಅನ್ನುವ ಹಳೆಯ ಲೆಕ್ಕಾಚಾರವೇ ಬದಲಾಯಿತು. ಹೆಸರಿಲ್ಲದ ಅನಾಥರಲ್ಲಿ ತಮ್ಮನ್ನೇ ಕಂಡುಕೊಳ್ಳುತ್ತಿದ್ದ ಆಟಗಾರರಿಗೆ ಬರೆದಿಟ್ಟ ವ್ಯಕ್ತಿಗಳು ಸಿಕ್ಕರು. ಗೆಬೆಲ್ಲಿಯ ಕೋಡ್ ಬರೆದದ್ದು ಫ್ಯಾಮಿಕಾಮ್‌ನ ಪ್ರೊಸೆಸರ್‌ಗಾಗಿ. ಡಿಎಸ್‌ನ ಪ್ರೊಸೆಸರ್ ಜಾತಿಯೇ ಬೇರೆ, ಅಲ್ಲಿ ಆ ಕೋಡ್ ಇದ್ದ ಹಾಗೇ ಓಡಲಾರದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಈರುಳ್ಳಿ ಹುಡುಗನ ಕತೆ. ಮೂಲ ಆಟದಲ್ಲಿ ನಾಲ್ವರೂ ಶುರು ಮಾಡುವುದು ಜಪಾನಿಯಲ್ಲಿ 'ತಮನೆಗಿ ಕೆನ್ಶಿ' ಅನ್ನುವ ಜಾಬ್‌ನಿಂದ. ಈರುಳ್ಳಿ ಖಡ್ಗಧಾರಿ ಅಂತ ಅರ್ಥ. ಇನ್ನೂ ಎಳಸು, ಏನೂ ಬಾರದ ಹುಡುಗ. ಎಲ್ಲರಿಗೂ ಬಿಟ್ಟಿ ಸಿಗುವ, ಎಲ್ಲರೂ ಹಾದು ಹೋಗುವ ಮೊದಲ ಮೆಟ್ಟಿಲು ಅದು. ಡಿಎಸ್ ರಿಮೇಕ್‌ನಲ್ಲಿ ಅದು ಗುಪ್ತ ಬಹುಮಾನ ಆಯಿತು. ಅದನ್ನು ಪಡೆಯುವ ದಾರಿ ಶುರುವಾಗುತ್ತಿದ್ದದ್ದು ನೆಟ್ ಮೂಲಕ ಇತರ ಆಟಗಾರರಿಗೆ ಪತ್ರ ಕಳಿಸುವುದರಿಂದ. 2014ರ ಮೇ 20ರಂದು ನಿಂಟೆಂಡೊ ಆ ನೆಟ್ ಸೇವೆಯನ್ನೇ ನಿಲ್ಲಿಸಿತು. ಎಲ್ಲರದ್ದಾಗಿದ್ದ ಆರಂಭವನ್ನು ಮೊದಲು ಬಾಗಿಲ ಹಿಂದೆ ಇಟ್ಟರು, ಆಮೇಲೆ ಬಾಗಿಲಿಗೆ ಬೀಗ ಹಾಕಿದರು. ಮುಂದೆ ಬಂದ ಫೋನ್ ಆವೃತ್ತಿಯಲ್ಲಿ ಆ ಷರತ್ತು ತೆಗೆದರು ಅನ್ನುವುದು ನಿಜ. ಆದರೆ 2006ರ ಕಾರ್ಟ್ರಿಜ್ ಕೈಯಲ್ಲಿ ಹಿಡಿದವನಿಗೆ ಕಂಪನಿ ಕೊಟ್ಟಿದ್ದ ನೆಟ್ ದಾರಿ ಮುಗಿದ ಕತೆ. ಡಿಎಸ್ ಆಟಗಳಿಗಾಗಿ ಬದಲಿ ಸರ್ವರ್ ಕಟ್ಟಿದವರು ಮತ್ತೆ ಅದೇ ಅಭಿಮಾನಿಗಳು.

ಮರುಹೇಳುವುದು ತಪ್ಪಲ್ಲ

ಹಾಗಾದರೆ ರಿಮೇಕ್ ಮಾಡಲೇಬಾರದಾ? ಖಂಡಿತ ಮಾಡಬೇಕು. ಕನ್ನಡ ಸಾಹಿತ್ಯದ ಬುಡವೇ ಮರುಹೇಳಿಕೆಯ ಮೇಲೆ ನಿಂತಿದೆ. ಪಂಪ ಮಹಾಭಾರತವನ್ನು ತನ್ನ ಕಾಲಕ್ಕೆ, ತನ್ನ ರಾಜನಿಗೆ ತಕ್ಕಂತೆ ಮತ್ತೆ ಕಟ್ಟಿದ. ಕುವೆಂಪು ರಾಮಾಯಣವನ್ನು ತಮ್ಮ ಪ್ರಶ್ನೆಗಳೊಂದಿಗೆ ಮತ್ತೆ ಬರೆದರು. ಆದರೆ ಪಂಪನನ್ನು ಓದಲು ವ್ಯಾಸಭಾರತವನ್ನು ಯಾರೂ ಅಂಗಡಿಯಿಂದ ವಾಪಸ್ ತೆಗೆಸಲಿಲ್ಲ. ಎರಡೂ ನಮ್ಮ ಮುಂದಿವೆ. ಎಲ್ಲಿ ಬದಲಿಸಿದ, ಯಾಕೆ ಬದಲಿಸಿದ ಅಂತ ಇವತ್ತಿಗೂ ಜಗಳ ಆಡಬಹುದು. ಪಕ್ಕಪಕ್ಕ ಇಟ್ಟು ನೋಡುವ ಆ ಹಕ್ಕಿನಿಂದಲೇ ವಿಮರ್ಶೆ ಹುಟ್ಟುತ್ತೆ, ಇತಿಹಾಸ ಹುಟ್ಟುತ್ತೆ.

ಫೈನಲ್ ಫ್ಯಾಂಟಸಿ 3ರ ವಿಷಯದಲ್ಲಿ ಆ ಹಕ್ಕು ಎಷ್ಟು ಉಳಿದಿದೆ? ಮೂಲ ಆಟವನ್ನು ಜಪಾನಿನಲ್ಲಿ ವೀ, ವೀ ಯು, 3ಡಿಎಸ್ ಯಂತ್ರಗಳ ಡಿಜಿಟಲ್ ಅಂಗಡಿಗಳಲ್ಲಿ ಮಾರುತ್ತಿದ್ದರು. ಮೊದಲನೆಯದು 2019ರ ಜನವರಿಯಲ್ಲಿ ಮುಚ್ಚಿತು, ಉಳಿದೆರಡರಲ್ಲಿ ಮಾರಾಟ 2023ರ ಮಾರ್ಚ್‌ನಲ್ಲಿ ನಿಂತಿತು. 2021ರಲ್ಲಿ ಬಂದ 'ಪಿಕ್ಸೆಲ್ ರಿಮಾಸ್ಟರ್' ನೋಡಲು ಹಳೆಯದರ ಹಾಗಿದೆ, ಹೆಸರಿಲ್ಲದ ಅನಾಥರೂ ವಾಪಸ್ ಬಂದಿದ್ದಾರೆ. ಆದರೆ ಅದೂ ಹೊಸದಾಗಿ ಬಿಡಿಸಿದ ಚಿತ್ರ, ಹೊಸದಾಗಿ ಕಟ್ಟಿದ ಸಂಗೀತ. ಅಂದರೆ ರಿಮೇಕ್ ಸಿಗುತ್ತೆ, ರಿಮೇಕ್‌ನ ಮೇಲೊಂದು ಮರುರೂಪವೂ ಸಿಗುತ್ತೆ. 1990ರಲ್ಲಿ ಮಕ್ಕಳು ಆಡಿದ ಆಟ ಬೇಕು ಅಂದರೆ ಹಳೇ ಸಾಮಾನಿನ ಮಾರುಕಟ್ಟೆ ಹುಡುಕಬೇಕು, ಇಲ್ಲಾ ಪೈರಸಿ.

ಇದು ಒಂದು ಆಟದ ಕತೆಯಷ್ಟೇ ಅಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇವತ್ತು ಮಾರಾಟದಲ್ಲಿಲ್ಲ. ಕಂಪನಿಗಳ ಹತ್ತಿರ ಎಲ್ಲ ಭದ್ರವಾಗಿದೆ ಅಂದುಕೊಂಡರೆ ಅದೂ ಇಲ್ಲ. ಕೆಲವು ಹಳೆಯ ಆಟಗಳ ಕೋಡ್ ಎಲ್ಲಿದೆ ಅಂತ ತಮಗೇ ಗೊತ್ತಿಲ್ಲ ಎಂದು 2019ರಲ್ಲಿ ಒಪ್ಪಿಕೊಂಡವರು ಆಗ ಸ್ಕ್ವೇರ್ ಎನಿಕ್ಸ್‌ನ ಅಧ್ಯಕ್ಷರಾಗಿದ್ದ ಯೊಸುಕೆ ಮಾತ್ಸುದಾ.

ಕಂಪನಿಗಳ ಪರವಾಗಿಯೂ ಮಾತಿದೆ, ಅದನ್ನು ಕೇಳದೆ ಹೋಗುವುದು ನ್ಯಾಯ ಅಲ್ಲ. ಆಟ ಕಟ್ಟಲು ದುಡ್ಡು ಬೇಕು, ನೂರಾರು ಜನರ ಸಂಬಳ ಬೇಕು. ಹಳೆಯದು ಬಿಟ್ಟಿ ಸಿಕ್ಕರೆ ಹೊಸ ರಿಮೇಕ್ ಯಾರು ಕೊಳ್ಳುತ್ತಾರೆ ಅನ್ನುವ ಭಯ ಅವರದ್ದು. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ತೋರಿಸಲು ಗ್ರಂಥಾಲಯಗಳು ಅನುಮತಿ ಕೇಳಿದಾಗ ಅಮೆರಿಕದ ಉದ್ಯಮ ಒಕ್ಕೂಟ ವಿರೋಧಿಸಿತು, 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆ ಬೇಡಿಕೆಯನ್ನು ತಿರಸ್ಕರಿಸಿತು. ಸಂಶೋಧನೆ ಹೆಸರಲ್ಲಿ ಜನ ಸುಮ್ಮನೆ ಆಡಿಕೊಂಡು ಕೂರುತ್ತಾರೆ ಅನ್ನುವುದು ವಾದ. ನನಗೆ ಇದು ಒಪ್ಪಿಗೆಯಿಲ್ಲ. ಗ್ರಂಥಾಲಯದಲ್ಲಿ ಕಾದಂಬರಿಯನ್ನೂ ಜನ ಖುಷಿಗೇ ಓದುತ್ತಾರೆ. ಅದಕ್ಕಾಗಿ ಯಾರೂ ಗ್ರಂಥಾಲಯ ಮುಚ್ಚಿ ಅನ್ನಲ್ಲ. ಮೇಲಾಗಿ, ಕಂಪನಿಯೇ ಮಾರದ ವಸ್ತುವಿನಿಂದ ಕಂಪನಿಗೆ ಎಂಥ ನಷ್ಟ?

ನಮ್ಮ ಕಾನೂನಿನ ಒಂದು ಸಾಲು

ಜಪಾನು, ಅಮೆರಿಕದ ಜಗಳ ನಮಗ್ಯಾಕೆ ಅಂತ ಕೇಳಬಹುದು. ಯಾಕೆಂದರೆ ಆಟ ಕಟ್ಟುವ ಊರುಗಳಲ್ಲಿ ಬೆಂಗಳೂರೂ ಒಂದು. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಎರಡು ದಶಕ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ವಸ್ತು, ಲೋಕ ಕಟ್ಟಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ. ಆ ಬಗ್ಗೆ ಮಾತು ಬಂದಾಗೆಲ್ಲ ಕೇಳಿಸುವುದು ಉದ್ಯೋಗ, ಹೂಡಿಕೆ, ತರಬೇತಿ. ಎಲ್ಲವೂ ಬೇಕು. ಆದರೆ ಇಲ್ಲಿನ ಕೈಗಳು ಮಾಡಿದ ಕೆಲಸ 30 ವರ್ಷದ ಮೇಲೆ ನೋಡಲು ಸಿಗುತ್ತಾ ಅನ್ನುವ ಪ್ರಶ್ನೆ ಆ ಮಾತುಗಳ ನಡುವೆ ನನ್ನ ಕಿವಿಗೆ ಬಿದ್ದಿಲ್ಲ.

ಈಗ ಕಾನೂನು ನೋಡೋಣ. 1954ರ ಕಾಯ್ದೆ ಪ್ರಕಾರ ಭಾರತದಲ್ಲಿ ಪುಸ್ತಕ ಪ್ರಕಟಿಸುವವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಕೆಲವು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಮುಂದೆ ಪತ್ರಿಕೆಗಳನ್ನೂ ಸೇರಿಸಿದರು. ವಿಡಿಯೋ ಗೇಮ್ ಆ ಪಟ್ಟಿಯಲ್ಲಿಲ್ಲ. ಜಪಾನ್ 2000ದಲ್ಲೇ ಡಿಸ್ಕ್, ಕಾರ್ಟ್ರಿಜ್‌ಗಳಲ್ಲಿ ಬರುವ ಆಟಗಳನ್ನು ತನ್ನ ಸಂಸತ್ ಗ್ರಂಥಾಲಯಕ್ಕೆ ಕೊಡುವುದನ್ನು ಕಡ್ಡಾಯ ಮಾಡಿತು. ಅಲ್ಲೂ ಒಂದು ವ್ಯಂಗ್ಯ ಇದೆ: 2006ರ ರಿಮೇಕ್ ಆ ಕಡ್ಡಾಯದೊಳಗೆ ಬರುತ್ತೆ, 1990ರ ಮೂಲ ಬರಲ್ಲ. ಆದರೂ ಅವರು ಶುರು ಮಾಡಿದ್ದಾರೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಕೃತಿಯೊಂದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಸಂಗ್ರಹಿಸಿಡಬಹುದು ಅಂತ 52ನೇ ಸೆಕ್ಷನ್‌ಗೆ ಸೇರಿಸಿದರು. ಕೇಳಲು ಚೆನ್ನಾಗಿದೆ. ಆದರೆ ಒಂದು ಷರತ್ತಿದೆ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಪುಸ್ತಕಕ್ಕೆ ಸರಿ. ವಿಡಿಯೋ ಗೇಮ್‌ಗೆ ಡಿಜಿಟಲ್ ಅಲ್ಲದ ಪ್ರತಿ ಅಂತ ಒಂದು ಇರುತ್ತಾ? ಹುಟ್ಟಿದ್ದೇ ಡಿಜಿಟಲ್ ಆಗಿ. ಹಾಗಾಗಿ ಸಂರಕ್ಷಣೆಗೆ ತೆರೆದ ಆ ಬಾಗಿಲು ಆಟಗಳಿಗೆ ತೆರೆಯುವುದೇ ಇಲ್ಲ. ಆಟಗಳಿಗೆ ಮಾತ್ರ ಅಲ್ಲ, ಕನ್ನಡದ ಆ್ಯಪ್‌ಗಳಿಗೂ ನೆಟ್‌ನಲ್ಲಿ ಮಾತ್ರ ಪ್ರಕಟವಾಗುವ ಕನ್ನಡ ಬರವಣಿಗೆಗೂ ಇದೇ ಗತಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಕೆಲವೇ ದಿನಗಳಲ್ಲಿ ಪಾಸ್ ಮಾಡಿತು. ದುಡ್ಡು ಕಟ್ಟಿ ಆಡುವ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಅಂದರೆ ಸರ್ಕಾರದ ಕಣ್ಣಿಗೆ ಆಟ ಒಂದೋ ಜೂಜು, ಒಂದೋ ಉದ್ಯಮ. ಆಟ ಒಂದು ಕೃತಿ, ಜೋಪಾನ ಮಾಡಬೇಕಾದ ಸಂಸ್ಕೃತಿ ಅನ್ನುವ ಮೂರನೇ ನೋಟಕ್ಕೆ ನಮ್ಮ ಕಾನೂನಿನಲ್ಲಿ ಇನ್ನೂ ಜಾಗ ಆಗಿಲ್ಲ.

ಈ ಉಡಾಫೆಯ ಬೆಲೆ ಏನು ಅಂತ ಕನ್ನಡಿಗರಿಗೆ ಪಾಠ ಹೇಳಬೇಕಿಲ್ಲ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರಲ್ಲಿ ಬಂತು. ಇವತ್ತು ಅದರ ಪ್ರಿಂಟ್ ಇಲ್ಲ. ಆಗಲೂ ಸಿನಿಮಾ ಅಂದರೆ ಬರೀ ವ್ಯಾಪಾರ, ಬರೀ ಮನರಂಜನೆ, ಓಡಿದ ಮೇಲೆ ಡಬ್ಬಿಗೆ ಯಾಕೆ ಖರ್ಚು ಅಂತ ಅನಿಸಿದ್ದಿರಬೇಕು.

ಏನು ಕೇಳಬೇಕು

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು, ಕಾಪಿರೈಟ್ ಕಾಯ್ದೆಯಿಂದ 'ಡಿಜಿಟಲ್ ಅಲ್ಲದ ಪ್ರತಿ' ಅನ್ನುವ ಷರತ್ತು ಹೋಗಬೇಕು. ಎರಡು, ಭಾರತದಲ್ಲಿ ಮಾಡಿದ ಆಟಗಳ ಒಂದು ಪ್ರತಿ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರುವಂತೆ 1954ರ ಕಾಯ್ದೆ ಹಿಗ್ಗಬೇಕು. ಸಾರ್ವಜನಿಕ ದುಡ್ಡಿನ ನೆರವು ಪಡೆಯುವ ಸ್ಟುಡಿಯೋಗಳಿಂದ ರಾಜ್ಯ ಸರ್ಕಾರ ಇದನ್ನು ಇವತ್ತೇ ಕೇಳಬಹುದು. ಮೂರು, ಕಂಪನಿ ಮಾರಾಟ ನಿಲ್ಲಿಸಿದ ಆಟವನ್ನು ಗ್ರಂಥಾಲಯದೊಳಗೆ ಕೂತು ಆಡಿ ನೋಡುವ ಅವಕಾಶ ಓದುಗರಿಗೆ ಇರಬೇಕು. ಇದರಲ್ಲಿ ಯಾವುದೂ ಕಂಪನಿಯ ರಿಮೇಕ್ ವ್ಯಾಪಾರಕ್ಕೆ ಕಲ್ಲು ಹಾಕಲ್ಲ.

ಮುಂದಿನ ವರ್ಷಗಳಲ್ಲಿ ರಿಮೇಕ್‌ಗಳು ಇನ್ನೂ ಬರುತ್ತವೆ, ಬರಲಿ. ನಾನೂ ಕೊಳ್ಳುತ್ತೇನೆ. ರೆಫಿಯಾಳ ಸುತ್ತಿಗೆಯೂ ಬೇಕು, ಹೆಸರಿಲ್ಲದ ಆ ನಾಲ್ಕು ಅನಾಥ ಹುಡುಗರೂ ಬೇಕು. ಇವರಲ್ಲಿ ಯಾರು ಉಳಿಯಬೇಕು ಅನ್ನೋ ತೀರ್ಮಾನ ಮಾರಾಟದ ಲೆಕ್ಕ ನೋಡುವವರೊಬ್ಬರ ಕೈಯಲ್ಲೇ ಇರಬಾರದು. ಪಂಚಾಯ್ತಿ ಕೆರೆಗೂ ಕಾರ್ಪೊರೇಷನ್ ಪಾರ್ಕಿಗೂ ನಾವು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳೋಣ: ಎಲ್ಲರ ನೆನಪಿನಲ್ಲಿ ಇರುವುದರ ಮೇಲೆ ಎಲ್ಲರಿಗೂ ಒಂದಿಷ್ಟಾದರೂ ಹಕ್ಕು ಬೇಡ್ವಾ?